ಅಂಗಳದ ಇಂಟರ್‌ಲಾಕ್‌ಗೆ ಸೀಲರ್: ಹೊಳಪು ಬೇಕೇ, ಬೇಡವೇ?

ನವೆಂಬರ್ ಕೊನೆ

ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಮುಗಿಯಿತು. ಪುತ್ತೂರಿನ ಕಡೆಯ ಮನೆ, ಸುಮಾರು 900 ಚದರಡಿ ಅಂಗಳ, 60 ಮಿಲಿಮೀಟರ್ ದಪ್ಪದ ಕೆಂಪು ಮತ್ತು ಬೂದು ಕಾಂಕ್ರೀಟ್ ಕಲ್ಲುಗಳು. ಇಷ್ಟು ವರ್ಷ ಇದು ಸೆಗಣಿ ಸಾರಿಸುವ ಮಣ್ಣಿನ ಅಂಗಳವಾಗಿತ್ತು. ಅಡಿಕೆ ಒಣಗಿಸಲು ಅದರಷ್ಟು ಒಳ್ಳೆಯದು ಬೇರೊಂದಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾರೆ. ಆದರೆ ಮಳೆಗಾಲ ಕಳೆದ ಮೇಲೆ ಕೆತ್ತಿ, ಬಡಿದು ಸಮ ಮಾಡಲು ಜನ ಸಿಗಬೇಕಲ್ಲ.

ಮೇಸ್ತ್ರಿ ಹೊರಡುವಾಗ, “ಒಂದು ಕೋಟ್ ಸೀಲರ್ ಹೊಡೆಸಿಬಿಡಿ, ಕನ್ನಡಿಯ ಹಾಗೆ ಹೊಳೆಯುತ್ತದೆ” ಎಂದರು. ಸೀಲರ್ ಎಂದರೆ ನೀರು, ಕಲೆ ಒಳಗಿಳಿಯದಂತೆ ಕಲ್ಲಿಗೆ ಬಳಿಯುವ ದ್ರವ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಕನ್ನಡಿಯ ಮೇಲೆ ನಡೆಯುವುದು ಹೇಗೆ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರ ಬೈಕ್ ಗೇಟು ದಾಟಿತ್ತು.

ಡಿಸೆಂಬರ್ ಎರಡನೇ ವಾರ

ಕೆಂಪು ಕಲ್ಲುಗಳ ಮೇಲೆ ಬೂದಿ ಚೆಲ್ಲಿದಂತೆ ಬಿಳಿ. ಕಲ್ಲು ಕೆಟ್ಟಿದೆ ಎಂದು ಹೆದರಿದೆ, ಕೆಟ್ಟಿಲ್ಲ. ಸಿಮೆಂಟಿನೊಳಗಿನ ಸುಣ್ಣ ತೇವದೊಂದಿಗೆ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಜತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಹೊಸ ಕಾಂಕ್ರೀಟಿಗೆ ಇದು ಸಹಜ. ಇದರ ಮೇಲೆಯೇ ಸೀಲರ್ ಬಳಿದರೆ ಬಿಳಿ ಅಡಿಯಲ್ಲಿ ಸಿಕ್ಕಿಬೀಳುತ್ತದೆ, ಆಮೇಲೆ ತೆಗೆಯುವುದು ದೊಡ್ಡ ರಗಳೆ.

ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿ ಎಂದು ಇಬ್ಬರು ಹೇಳಿದರು. ಹಟ್ಟಿಯ ಹಿಂದಿನ ಒಂದೇ ಕಲ್ಲಿನ ಮೇಲೆ ನೋಡಿದೆ. ಬಿಳಿ ಹೋಯಿತು, ಕೆಂಪೂ ಅರ್ಧ ಹೋಯಿತು, ಒಳಗಿನ ಜಲ್ಲಿ ಹಲ್ಲು ಕಿಸಿಯಿತು. ಉಳಿದದ್ದಕ್ಕೆ ಒಣ ಬ್ರಷ್ ಮತ್ತು ತಾಳ್ಮೆ.

ಜನವರಿ

ಅಂಗಡಿಯಲ್ಲಿ ಡಬ್ಬಿಗಳ ಮುಂದೆ ನಿಂತಾಗ ತಿಳಿದದ್ದು: ಹೆಸರು ಹತ್ತಾರು, ಜಾತಿ ಎರಡೇ. ಒಂದು, ಮೇಲೆ ಪದರವಾಗಿ ಕೂರುವ ಅಕ್ರಿಲಿಕ್. ಬಣ್ಣವನ್ನು ಗಾಢ ಮಾಡಿ, ಕಲ್ಲು ಆಗಷ್ಟೇ ಮಳೆಯಲ್ಲಿ ತೊಯ್ದಂತೆ ತೋರಿಸುವುದು ಇದೇ. ಇನ್ನೊಂದು, ಒಳಗಿಳಿಯುವ ಸಿಲೇನ್–ಸಿಲೋಕ್ಸೇನ್. ಇದು ರಂಧ್ರಗಳನ್ನು ಮುಚ್ಚುವುದಿಲ್ಲ, ಅವುಗಳ ಗೋಡೆಗೆ ರಾಸಾಯನಿಕವಾಗಿ ಅಂಟಿ, ನೀರು ಒಳಗೆ ಹೋಗದಂತೆ ಮಾಡುತ್ತದೆ. ಕೆಸುವಿನೆಲೆಯ ಮೇಲೆ ನೀರು ಉರುಳುವ ಹಾಗೆ. ಕಲ್ಲಿನ ರೂಪ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ದುಡ್ಡು ಕೊಟ್ಟು ಏನೂ ಕಾಣದಿದ್ದರೆ ಹೇಗೆ ಎಂದು ಮನೆಯಲ್ಲಿ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ.

ಹಾಗಾಗಿ ಬಾವಿಕಟ್ಟೆಯ ಪಕ್ಕ ಮೂರಡಿ ಅಗಲದ ನಾಲ್ಕು ಚೌಕ ಗುರುತು ಮಾಡಿದೆ: ಏನೂ ಬಳಿಯದ್ದು, ಥಿನ್ನರ್ ವಾಸನೆಯ ಹೊಳಪಿನ ಅಕ್ರಿಲಿಕ್, ನೀರು ಬೆರೆತ ಮ್ಯಾಟ್ ಅಕ್ರಿಲಿಕ್, ಸಿಲೇನ್–ಸಿಲೋಕ್ಸೇನ್. ಮೊದಲ ದಿನ ಹೊಳಪಿನದ್ದೇ ಗೆದ್ದಿತು, ಸುಳ್ಳು ಹೇಳಬಾರದು. ಆ ಕೆಂಪು ಆಗಷ್ಟೇ ಅರೆದ ಕುಂಕುಮದಂತಿತ್ತು.

ಮೂರನೇ ಬೆಳಿಗ್ಗೆ ಅದೇ ಚೌಕದ ಮೇಲೆ ಹಾಲು ಚೆಲ್ಲಿದಂಥ ಮಬ್ಬು. ಅನುಮಾನ ಬಂದು, ಬಳಿಯದ ಕಲ್ಲುಗಳ ಮೇಲೆ ಒಂದು ತುಂಡು ಪ್ಲಾಸ್ಟಿಕ್ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅದರ ಅಡಿಯಲ್ಲಿ ಹನಿಗಳು. ನೆಲ ಇನ್ನೂ ತೇವ ಬಿಡುತ್ತಿದೆ, ಹೊಳಪಿನ ಪದರ ಆ ಆವಿಯನ್ನು ಹೊರಗೆ ಬಿಡದೆ ತಾನೇ ಬೆಳ್ಳಗಾಗಿದೆ. ಇಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಜನವರಿಯಲ್ಲೇ ಹೀಗಾದರೆ ಜುಲೈಯಲ್ಲಿ ಗತಿಯೇನು?

ಆಮೇಲಿನ ಪರೀಕ್ಷೆಗಳು. ಒಂದು ಕೊಡ ನೀರು ಸುರಿದು ಹವಾಯಿ ಚಪ್ಪಲಿಯಲ್ಲಿ ನಡೆದರೆ ಹೊಳಪಿನ ಚೌಕದ ಮೇಲೆ ಕಾಲು ಸರ್ರನೆ ಜಾರಿತು. ಮ್ಯಾಟ್ ಪರವಾಗಿಲ್ಲ, ಆದರೆ ಅದೂ ಪದರವೇ. ಸಿಲೇನ್ ಹಚ್ಚಿದ ಕಲ್ಲು ಬರಿಯ ಕಲ್ಲಿನಷ್ಟೇ ಒರಟು. ಒದ್ದೆ ಅಡಿಕೆ ಸಿಪ್ಪೆ ಒಂದು ರಾತ್ರಿ ಇಟ್ಟದ್ದಕ್ಕೆ ಬರಿಯ ಚೌಕದಲ್ಲಿ ಕಂದು ಕಲೆ ಆಳಕ್ಕಿಳಿಯಿತು, ಸಿಲೇನ್ ಚೌಕದಲ್ಲಿ ಉಜ್ಜಿದರೆ ಬಹುಪಾಲು ಹೋಯಿತು. ತೆಂಗಿನೆಣ್ಣೆಯ ಹನಿಗೆ ಮಾತ್ರ ಸಿಲೇನ್ ಸೋತಿತು. ನೀರನ್ನು ತಡೆಯುವಷ್ಟು ಎಣ್ಣೆಯನ್ನು ಅದು ತಡೆಯುವುದಿಲ್ಲ. ಅಕ್ರಿಲಿಕ್ ಎರಡೂ ಅಲ್ಲಿ ಗೆದ್ದವು. ನಮ್ಮ ಅಂಗಳದಲ್ಲಿ ಎಣ್ಣೆ ಸೋರುವುದು ಬೈಕ್ ನಿಲ್ಲಿಸುವ ಮೂಲೆಯಲ್ಲಷ್ಟೇ, ಅಲ್ಲೊಂದು ತಗಡು ಹಾಕಿದರಾಯಿತು.

ಇನ್ನೊಂದು ವಿಷಯ ತೂಗಿ ನೋಡಿದೆ. ಅಕ್ರಿಲಿಕ್ ಸಂದುಗಳ ಮರಳನ್ನೂ ಅಂಟಿಸಿ ಹಿಡಿಯುತ್ತದೆ, ಇರುವೆ ಮತ್ತು ಗರಿಕೆಗೆ ಅಷ್ಟು ಸುಲಭದ ಜಾಗ ಸಿಗುವುದಿಲ್ಲ. ಆದರೆ ನಮ್ಮ ಬಾವಿ ಅಂಗಳಕ್ಕೆ ಹತ್ತಡಿ ದೂರ. ಸಂದುಗಳಲ್ಲಿ ಇಳಿಯುವ ನೀರು ಅದರ ಕಡೆಗೇ ಹೋಗಲಿ, ಗರಿಕೆ ನಾನು ಕೀಳುತ್ತೇನೆ. ಸಿಲೇನ್ ಎಂದೇ ನಿರ್ಧಾರ.

(ಅಕ್ಕ ತಮ್ಮ ಮನೆಯ ಶಹಾಬಾದ್ ಕಲ್ಲಿಗೂ ಇದೇ ಆದೀತೇ ಎಂದು ಕೇಳಿದಳು. ಅದು ಸುಣ್ಣಕಲ್ಲು, ಸಿಲೇನ್ ಕಾಂಕ್ರೀಟಿನಷ್ಟು ಗಟ್ಟಿಯಾಗಿ ಅದಕ್ಕೆ ಹಿಡಿಯುವುದಿಲ್ಲ. ಆ್ಯಸಿಡ್ ಅಂತೂ ಅದರ ಹತ್ತಿರವೂ ಸುಳಿಯಬಾರದು.)

ಫೆಬ್ರವರಿ ಮೂರನೇ ವಾರ

ಪ್ಲಾಸ್ಟಿಕ್ ಪರೀಕ್ಷೆ ಮತ್ತೆ ಮಾಡಿದೆ, ಅಡಿ ಒಣಗಿತ್ತು. ಅಡಿಕೆಯನ್ನೆಲ್ಲ ಟಾರ್ಪಾಲಿನೊಡನೆ ತಾರಸಿಗೆ ಸಾಗಿಸಿದ್ದೇ ಒಂದು ದಿನದ ಕೆಲಸ. ತೋಟಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವ ಪಂಪನ್ನೇ ಬಳಸಬಹುದೆಂದು ಲೆಕ್ಕ ಹಾಕಿದ್ದೆ. ಎಷ್ಟು ತೊಳೆದರೂ ಮೈಲುತುತ್ತಿನ ನೀಲಿ ಬಿಡಲಿಲ್ಲ, ಹೊಸ ಕೈಪಂಪು ಕೊಂಡೆ.

ಬೆಳಿಗ್ಗೆ ಆರೂವರೆಗೆ ಶುರು, ಕಲ್ಲು ಕಾಯುವ ಮೊದಲು. ಲೀಟರಿಗೆ 40 ಚದರಡಿಯ ಲೆಕ್ಕದಲ್ಲಿ 23 ಲೀಟರ್ ಖರ್ಚಾಯಿತು. ಮೊದಲ ಕೈ ಒಣಗುವ ಮುನ್ನವೇ ಎರಡನೆಯ ಕೈ ಹೋಗಬೇಕು. ಒಣಗಿದರೆ ಮೊದಲನೆಯದು ಎರಡನೆಯದನ್ನೇ ಹತ್ತಿರ ಸೇರಿಸುವುದಿಲ್ಲ. ಈ ಕಾರಣಕ್ಕೆ ಇಡೀ ಅಂಗಳವನ್ನು ಒಮ್ಮೆಗೆ ಮಾಡದೆ ಐದು ಪಟ್ಟಿಗಳಾಗಿ ಹಂಚಿಕೊಂಡೆ. ತಗ್ಗಿನಲ್ಲಿ ನಿಂತದ್ದನ್ನು ಬಟ್ಟೆಯಿಂದ ಒರೆಸಿದೆ. ತುಳಸಿಕಟ್ಟೆಯ ಬಳಿ ಒರೆಸಲು ಮರೆತೆ, ಅಲ್ಲೊಂದು ಕಪ್ಪು ಮಚ್ಚೆ ಕೂತಿದೆ.

ಸಂಜೆ ನೋಡಿದರೆ ಏನೂ ಬದಲಾಗಿಲ್ಲ. “ಹಚ್ಚಿದಿಯಾ, ಇಲ್ಲವಾ?” ಎಂದು ಅಮ್ಮ ಕೇಳಿದರು.

ಜೂನ್ ಕೊನೆ

ಪತ್ತನಾಜೆ (ಮೇ ಕೊನೆಗೆ ಬರುವ, ತುಳುನಾಡಿನಲ್ಲಿ ಮಳೆಗಾಲದ ಗಡಿಯೆನಿಸುವ ದಿನ) ಕಳೆದು ಒಂದು ತಿಂಗಳು. ಮೊದಲ ಮಳೆಗೆ ನೀರು ಮುತ್ತುಗಟ್ಟಿದ್ದನ್ನು ಮನೆಮಂದಿಯೆಲ್ಲ ನಿಂತು ನೋಡಿದೆವು. ಈಗ ಜಗಲಿಯ ಮುಂದೆ, ಕಾಲು ಹೆಚ್ಚು ಬೀಳುವಲ್ಲಿ, ಹನಿ ಅಷ್ಟು ದುಂಡಗಿಲ್ಲ. ಆದರೆ ಮಳೆ ನಿಂತ ಅರ್ಧ ಗಂಟೆಯಲ್ಲಿ ಆ ಕಲ್ಲೂ ಒಣಗುತ್ತದೆ, ಒಳಗಿನ ತಡೆ ಇನ್ನೂ ಕೆಲಸ ಮಾಡುತ್ತಿದೆ ಎಂದಾಯಿತು. ಹಲಸಿನ ಮರದಡಿಯಲ್ಲಿ ಮಾತ್ರ ಹಾವಸೆ ಬಂದೇ ಬಂತು. ಸೀಲರ್ ಅದನ್ನು ಕೊಲ್ಲುವುದಿಲ್ಲ, ಬ್ಲೀಚಿಂಗ್ ಪೌಡರ್ ಮತ್ತು ಹಿಡಿಸೂಡಿಗೆ ಕೆಲಸ ಉಳಿದಿದೆ.

ಬಾವಿಕಟ್ಟೆಯ ಪಕ್ಕದ ಹೊಳಪಿನ ಚೌಕವನ್ನು ಥಿನ್ನರ್ ಹಾಕಿ ತೆಗೆಯಲು ಹೋಗಿ, ಅರ್ಧಕ್ಕೇ ಕೈಬಿಟ್ಟಿದ್ದೇನೆ. ಅಮ್ಮ ಅದರ ಮೇಲೆ ಒಂದು ಗೋಣಿಚೀಲ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದ್ದಾರೆ.