ಹಗ್ಸ್ ತೋರಿಸಿದ ಲೆಕ್ಕ

ಇಂಗ್ಲೆಂಡಿನಲ್ಲಿ ಎಂಎಸ್ಸಿ ಓದುವಾಗ ಹ್ಯಾಸ್ಕೆಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಲ್ಯಾಬ್‌ನಲ್ಲಿ ನಮಗೆ ಕೊಟ್ಟಿದ್ದು ಹಗ್ಸ್ ಅನ್ನುವ ಸಾಫ್ಟ್‌ವೇರ್. ಮಾರ್ಕ್ ಜೋನ್ಸ್ ಅನ್ನುವವರು 1991ರಲ್ಲಿ, ಆಕ್ಸ್‌ಫರ್ಡ್‌ನಲ್ಲಿದ್ದಾಗ, ಗೋಫರ್ ಅಂತ ಒಂದು ಪುಟ್ಟ ಇಂಟರ್‌ಪ್ರಿಟರ್, ಅಂದರೆ ಬರೆದ ಕೋಡನ್ನು ಆಗಲೇ ಓಡಿಸಿ ಉತ್ತರ ಕೊಡುವ ಪ್ರೋಗ್ರಾಂ, ಬರೆದಿದ್ದರು. ಡಾಸ್ ಇದ್ದ ಪಿಸಿಯಲ್ಲೂ ಅದು ಓಡುತ್ತಿತ್ತು. ಅದನ್ನೇ ಹ್ಯಾಸ್ಕೆಲ್‌ಗೆ ಒಗ್ಗಿಸಿ 1995ರಲ್ಲಿ ಹಗ್ಸ್ ಹೊರಗೆ ತಂದರು.

ಮೊದಮೊದಲು ನನಗೆ ಅದರ ಮೇಲೆ ಸಿಟ್ಟೇ ಜಾಸ್ತಿ. ಪ್ರಾಂಪ್ಟ್‌ನಲ್ಲಿ, ಅಂದರೆ ಕಮಾಂಡ್ ಒತ್ತುವ ಸಾಲಿನಲ್ಲಿ, ಫಂಕ್ಷನ್ ಬರೆಯೋಕೆ ಬಿಡುವುದಿಲ್ಲ. ಫೈಲಿನಲ್ಲಿ ಬರೆದು, ರಿಲೋಡ್ ಮಾಡಿ, ಆಮೇಲೆ ಕೇಳಬೇಕು. ಡೇಟಾದ ಟೈಪ್ (ಸಂಖ್ಯೆಯೋ, ಅಕ್ಷರವೋ ಅನ್ನುವುದು) ತಪ್ಪಿದರೆ ಅದು ಕೊಡುವ ಎರರ್ ಓದಿ ತಲೆ ಕೆರೆದುಕೊಳ್ಳಬೇಕು.

ಒಂದು ಮಧ್ಯಾಹ್ನ ಸುಮ್ನೆ ಸೆಟ್ಟಿಂಗ್ ನೋಡುತ್ತಾ ಕೋಲನ್ ಸೆಟ್ ಪ್ಲಸ್ ಎಸ್ ಅಂತ ಒತ್ತಿದೆ. ಅಲ್ಲಿಂದ ಪ್ರತಿ ಉತ್ತರದ ಕೆಳಗೂ ಎಷ್ಟು ರಿಡಕ್ಷನ್, ಮೆಮೊರಿಯ ಎಷ್ಟು ಸೆಲ್ ಅಂತ ಬರತೊಡಗಿತು. ರಿಡಕ್ಷನ್ ಅಂದರೆ ಒಂದು ಫಂಕ್ಷನ್ ಕರೆಯನ್ನು ಅದರ ಅರ್ಥಕ್ಕೆ ಬಿಡಿಸುವ ಒಂದು ಹೆಜ್ಜೆ. ಪಟ್ಟಿಯನ್ನು ತಿರುಗಿಸುವ ನನ್ನ ಫಂಕ್ಷನ್ ಹಾಕಿದೆ, ಪ್ರತಿ ಸಲ ಮೊದಲನೆಯದನ್ನು ತೆಗೆದು ಕೊನೆಗೆ ಅಂಟಿಸುವಂಥದ್ದು. ಪಟ್ಟಿ ಎರಡರಷ್ಟಾದಾಗ ರಿಡಕ್ಷನ್ ಲೆಕ್ಕ ಹತ್ತಿರ ಹತ್ತಿರ ನಾಲ್ಕರಷ್ಟು! ಈವರೆಗೆ ತಿರುಗಿಸಿದ್ದನ್ನು ಜೊತೆಗೇ ಹೊತ್ತುಕೊಂಡು ಹೋಗುವ ಹಾಗೆ ಬರೆದಾಗ ಎರಡರಷ್ಟೇ ಆಯಿತು. ಪಾಠದಲ್ಲಿ ಕೇಳಿದ್ದ ಎನ್ ಸ್ಕ್ವೇರ್ (ಕೆಲಸ ಪಟ್ಟಿಯ ಉದ್ದದ ವರ್ಗದಂತೆ ಬೆಳೆಯುವುದು) ಕಣ್ಣೆದುರು ಅಂಕಿಯಾಗಿ ಕೂತಿತ್ತು.

ನಿಜವಾಗಿ ಬೆರಗಾಗಿದ್ದು ಆಮೇಲೆ. ಒಂದೊಂದೇ ಅಂಶವನ್ನು ಅದರ ಜಾಗಕ್ಕೆ ಸೇರಿಸುತ್ತಾ ಪಟ್ಟಿಯನ್ನು ಕ್ರಮಕ್ಕೆ ತರುವ ಇನ್ಸರ್ಷನ್ ಸಾರ್ಟ್ ಬರೆದು, ಸಾರ್ಟ್ ಆದ ಪಟ್ಟಿಯ ಮೊದಲ ಅಂಶ ಮಾತ್ರ ಕೇಳಿದೆ. ಪೂರ್ತಿ ಪಟ್ಟಿ ಕೇಳಿದರೆ ರಿಡಕ್ಷನ್ ರಾಶಿ ರಾಶಿ, ಮೊದಲನೆಯದಷ್ಟೇ ಸಾಕು ಅಂದರೆ ಪಟ್ಟಿಯ ಉದ್ದಕ್ಕೆ ತಕ್ಕಷ್ಟು ಮಾತ್ರ, ಯಾಕೆಂದರೆ ಯಾರೂ ಕೇಳದ ಉಳಿದ ಭಾಗವನ್ನು ಅದು ಸಾರ್ಟ್ ಮಾಡಲು ಹೋಗಿಯೇ ಇಲ್ಲ. ಪಕ್ಕದಲ್ಲಿದ್ದ ದಾವಣಗೆರೆಯ ಗೆಳೆಯನನ್ನು ಕರೆದು ತೋರಿಸಿದೆ. "ಅಂದ್ರೆ ಇದು ಶುದ್ಧ ಸೋಮಾರಿ ಅಲ್ವೇನೋ?" ಅಂದ. ಹೌದಪ್ಪ, ಲೇಜಿ ಇವ್ಯಾಲ್ಯುಯೇಷನ್ ಅಂತ ಇಷ್ಟು ದಿನ ಬೋರ್ಡಿನ ಮೇಲೆ ಬರೆದಿದ್ದು ಇದನ್ನೇ!

ಹಗ್ಸ್‌ನ ಕೊನೆಯ ಬಿಡುಗಡೆ 2006ರಲ್ಲಿ. ಈಗ ಎಲ್ಲರೂ ಹ್ಯಾಸ್ಕೆಲ್‌ನ ಇನ್ನೊಂದು ಕಂಪೈಲರ್ ಆದ ಜಿಎಚ್‌ಸಿ ಬಳಸುತ್ತಾರೆ, ವೇಗದಲ್ಲಿ ಹೋಲಿಕೆಯೇ ಇಲ್ಲ. ಅದರ ಪ್ರಾಂಪ್ಟ್‌ನಲ್ಲೂ ಅದೇ ಕಮಾಂಡ್ ಇದೆ, ಆದರೆ ತೋರಿಸುವುದು ಸೆಕೆಂಡು ಮತ್ತು ಬೈಟು. ಕಲಿಯುವವರಿಗೆ ಅದು ಸಾಲದು ಅಂತ ನನ್ನ ಅನಿಸಿಕೆ. ಚಿಕ್ಕ ಪಟ್ಟಿ ಕೊಟ್ಟರೆ ಎಲ್ಲವೂ ಸೊನ್ನೆ ಪಾಯಿಂಟ್ ಸೊನ್ನೆ ಸೆಕೆಂಡೇ.