ನಾಲ್ಕನೆಯ ಹಂತ ಮತ್ತು ಮಾಟುಂಗಾದ ಫೋನ್

ಕಳೆದ ವರ್ಷ ಮುಂಬೈಯ ಅಂಧೇರಿಯಲ್ಲಿರುವ ನಮ್ಮ ಕಚೇರಿಗೆ ಬಂದ ಒಂದು ಕೆಲಸವನ್ನು ನೋಡಿದೊಡನೆ, ಇದು ನನಗಾಗಿಯೇ ಬಂದದ್ದು ಅನ್ನಿಸಿತು. ಒಬ್ಬ ಗಿರಾಕಿಯ ಬಳಿ ಇಪ್ಪತ್ತನಾಲ್ಕು ಹಳೆಯ ಜಾವಾ ಮೊಬೈಲ್ ಆಟಗಳ ಹಕ್ಕು ಇತ್ತು, ಮೂಲ ಕೋಡ್ ಇರಲಿಲ್ಲ. ಅವನ್ನು ಬರೆದ ಸಂಸ್ಥೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಉಳಿದದ್ದು ಒಂದೇ ಒಂದು ಸಿಡಿ, ಅದರಲ್ಲಿ ಜಾರ್ ಕಡತಗಳು, ಅಂದರೆ ಫೋನಿಗೆ ಹಾಕಲು ಆಟವನ್ನು ಗಂಟು ಕಟ್ಟಿಟ್ಟ ಕಡತಗಳು. ಇವನ್ನು ಇಂದಿನ ಆಂಡ್ರಾಯ್ಡ್ ಫೋನುಗಳಲ್ಲಿ ಆಡಲು ಬರುವಂತೆ ಮಾಡಿಕೊಡಿ ಎಂದು ಅವರ ಬೇಡಿಕೆ.

2006ರಲ್ಲಿ ನಾನು ಕೆಲಸಕ್ಕೆ ಸೇರಿದ್ದು ಇದೇ ಅಂಧೇರಿಯಲ್ಲಿ, ಇಂಥದ್ದೇ ಆಟಗಳನ್ನು ಪರೀಕ್ಷಿಸುವ ಹುಡುಗಿಯಾಗಿ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಬಂದರೆ ಮೇಜಿನ ಮೇಲೆ ಫೋನುಗಳ ಸಾಲು ಕಾದಿರುತ್ತಿತ್ತು. ಒಂದೇ ಆಟಕ್ಕೆ ಎಪ್ಪತ್ತು ಎಂಬತ್ತು ಬೇರೆ ಬೇರೆ ಜಾರ್‌ಗಳು ಇರುತ್ತಿದ್ದವು, ಫೋನಿನ ಮಾದರಿಗೊಂದು. ಒಮ್ಮೆ ಬರೆದರೆ ಎಲ್ಲೆಡೆ ಓಡುತ್ತದೆ ಎಂದು ಜಾವಾ ಬಗ್ಗೆ ಸನ್ ಸಂಸ್ಥೆ ಹೇಳಿಕೊಳ್ಳುತ್ತಿದ್ದ ಕಾಲ ಅದು. ಮೊಬೈಲಿಗಾಗಿ ಅವರು ಕಟ್ಟಿದ ಜೆ2ಎಂಇಯಲ್ಲಿ ಆ ಮಾತು ಅರ್ಧ ಮಾತ್ರ ನಿಜವಾಗಿತ್ತು. ಪರದೆ ಒಂದರಲ್ಲಿ 128 ಇಂಟು 128 ಚುಕ್ಕೆ, ಇನ್ನೊಂದರಲ್ಲಿ 176 ಇಂಟು 208. ಮೊದಮೊದಲ ಸೀರೀಸ್ 40 ನೋಕಿಯಾ ಫೋನುಗಳಲ್ಲಿ ಇಡೀ ಆಟ, ಚಿತ್ರ, ಸದ್ದು ಎಲ್ಲವೂ 64 ಕಿಲೋಬೈಟಿನೊಳಗೆ ಹಿಡಿಯಬೇಕಿತ್ತು. ಪರದೆಯ ಕೆಳಗಿನ ಎಡ ಬಲ ಗುಂಡಿಗಳನ್ನು ಒತ್ತಿದಾಗ ಆಟಕ್ಕೆ ಯಾವ ಸಂಖ್ಯೆ ಹೋಗಬೇಕು ಎಂದು ನಿಯಮಾವಳಿ ಹೇಳಿರಲೇ ಇಲ್ಲ, ಒಬ್ಬೊಬ್ಬ ತಯಾರಕ ಒಂದೊಂದು ಇಟ್ಟುಕೊಂಡ. ನೋಕಿಯಾದ ಎಡಗುಂಡಿ ಮೈನಸ್ 6, ಮೋಟೊರೋಲಾದಲ್ಲಿ ಮೈನಸ್ 21, ಸೀಮೆನ್ಸ್‌ನಲ್ಲಿ ಮೈನಸ್ 1. ಆ ಮೈನಸ್ 1 ನೋಕಿಯಾದಲ್ಲಿ ಮೇಲಕ್ಕೆ ಹೋಗುವ ಗುಂಡಿ! ಸೀಮೆನ್ಸ್‌ಗೆಂದು ಕಟ್ಟಿದ ಜಾರನ್ನು ನೋಕಿಯಾ ಎಂದುಕೊಂಡು ಓಡಿಸಿದರೆ, ಆಟಗಾರ ಏಣಿ ಹತ್ತಲು ಮೇಲೆ ಒತ್ತಿದಾಗಲೆಲ್ಲ ಮೆನು ತೆರೆದುಕೊಳ್ಳುತ್ತದೆ.

ಇದೆಲ್ಲ ಗೊತ್ತಿದ್ದುದರಿಂದ ನಾನು ಧೈರ್ಯವಾಗಿದ್ದೆ. ಈ ಆಟಗಳನ್ನು ಓಡಿಸಲು ಮುಕ್ತ ತಂತ್ರಾಂಶಗಳು ಈಗಾಗಲೇ ಇವೆ. ಆಂಡ್ರಾಯ್ಡಿನಲ್ಲಿ ಜೆ2ಎಂಇ ಲೋಡರ್ ಇದೆ, ಕಂಪ್ಯೂಟರಿನಲ್ಲಿ ಫ್ರೀಜೆ2ಎಂಇ ಇದೆ. ಮೊದಲನೆಯದು ಜಾರಿನೊಳಗಿನ ಜಾವಾ ಸಂಕೇತವನ್ನು ಆಂಡ್ರಾಯ್ಡಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿಕೊಂಡು ನೇರವಾಗಿ ಓಡಿಸುತ್ತದೆ. ಇಂಥ ಉಪಕರಣಗಳನ್ನು ಪುಕ್ಕಟೆಯಾಗಿ ಬರೆದು ಕೊಟ್ಟವರಿಗೆ ನಾನು ಋಣಿ, ಅವರಿಲ್ಲದಿದ್ದರೆ ನಮ್ಮ ಕೆಲಸ ಶುರುವೇ ಆಗುತ್ತಿರಲಿಲ್ಲ. ನನ್ನ ಜೊತೆಗಿದ್ದವನು ಧಾರವಾಡದ ಹುಡುಗ. ಕಚೇರಿಯಲ್ಲಿ ಉಳಿದವರಿಗೆ ನಾನು ಮೇಡಂ, ಅವನಿಗೆ ಮಾತ್ರ ಅಕ್ಕ. ಗುಂಡಿಗಳ ಪಟ್ಟಿಯನ್ನು ನಾವಿಬ್ಬರೂ ಎರಡು ದಿನದಲ್ಲಿ ಮುಗಿಸಿದೆವು.

ಮೊದಲ ಆಟ ಒಂದು ಕಾಡಿನ ಕತೆ: ಬಿಲ್ಲು ಹಿಡಿದ ಹುಡುಗ, ಎದುರಿಗೆ ಬರುವ ಹಂದಿಗಳು, ಬಾವಲಿಗಳು. ಹೊಸ ಫೋನಿನಲ್ಲಿ ತೆರೆದರೆ ಹುಡುಗ ಕಣ್ಣಿಗೆ ಸಿಗದಂತೆ ಓಡಿ ಹಳ್ಳಕ್ಕೆ ಬಿದ್ದ. ಇದು ಹಳೆಯ ಆಟಗಳ ಗೊತ್ತಿರುವ ಕಾಯಿಲೆ. ಗಿರಾಕಿಯ ಒಪ್ಪಿಗೆ ಪಡೆದು ಜಾರನ್ನು ಬಿಚ್ಚಿ ನೋಡಿದೆವು. ಜಾಗ ಉಳಿಸಲು ಕೋಡಿನ ಎಲ್ಲ ಹೆಸರುಗಳನ್ನೂ ಎ, ಬಿ, ಸಿ ಎಂದು ಮೊಟಕುಗೊಳಿಸಿದ್ದರು, ಆದರೂ ಆಟದ ಸುತ್ತು ಸ್ಪಷ್ಟವಾಗಿತ್ತು. ಎಲ್ಲರನ್ನೂ ಒಂದು ಹೆಜ್ಜೆ ಸರಿಸು, ಚಿತ್ರ ಬರೆ, 20 ಮಿಲಿಸೆಕೆಂಡು ಮಲಗು, ಮತ್ತೆ ಮೊದಲಿನಿಂದ. ಎಷ್ಟು ಹೊತ್ತು ಕಳೆಯಿತು ಎಂದು ಆ ಆಟ ಎಲ್ಲಿಯೂ ಗಡಿಯಾರ ನೋಡುತ್ತಿರಲಿಲ್ಲ. ಹಳೆಯ ಫೋನಿನಲ್ಲಿ ಚಿತ್ರ ಬರೆಯಲು ಹಿಡಿಯುತ್ತಿದ್ದ ಸಮಯವೇ ಅದರ ಗಡಿಯಾರ. ಇಂದಿನ ಫೋನು ಅದೇ ಚಿತ್ರವನ್ನು ಒಂದು ಮಿಲಿಸೆಕೆಂಡಿನೊಳಗೆ ಬರೆದು ಮುಗಿಸುತ್ತದೆ.

ಧಾರವಾಡದ ಹುಡುಗ ಸೆಕೆಂಡಿಗೆ 30 ಚಿತ್ರ ಎಂದು ಮಿತಿ ಹಾಕಿದ. ಆಗಲೂ ವೇಗ ಹೆಚ್ಚಾಗಿತ್ತು. ಇಳಿಸುತ್ತ ಇಳಿಸುತ್ತ 11ಕ್ಕೆ ಬಂದಾಗ ಬಿಲ್ಲಿನ ಹುಡುಗನ ಓಟ ನನ್ನ ನೆನಪಿಗೆ ಹೊಂದಿತು. ಮೊದಲ ಹಂತವನ್ನು ನಾನೇ ಆಡಿ ನೋಡಿ ಸರಿಯಾಗಿದೆ ಎಂದು ಸಹಿ ಹಾಕಿ ಕಳಿಸಿದೆ. ತಪ್ಪಾದದ್ದು ಇಲ್ಲಿ, ಮತ್ತು ಆ ತಪ್ಪು ನನ್ನದು. ಒಂದೇ ಹಂತ ಆಡಿದ್ದೆ, ಅದೂ ನೆನಪನ್ನು ನಂಬಿ.

ಹತ್ತು ದಿನಕ್ಕೆ ಗಿರಾಕಿಯ ಕಡೆಯಿಂದ ಎರಡು ದೂರು ಬಂದವು. ಮೆನು ತುಂಬಾ ನಿಧಾನ, ಗುಂಡಿ ಒತ್ತಿದರೆ ಎಳೆದಂತೆ ಸರಿಯುತ್ತದೆ. ಎರಡನೆಯದು, ನಾಲ್ಕನೆಯ ಹಂತವನ್ನು ಯಾರಿಂದಲೂ ಗೆಲ್ಲಲು ಆಗುತ್ತಿಲ್ಲ. ಅಲ್ಲಿ ಆಟವನ್ನು ಪರೀಕ್ಷಿಸಿದವರಲ್ಲಿ ಒಬ್ಬರು ಕಾಲೇಜಿನ ದಿನಗಳಲ್ಲಿ ಇದೇ ಆಟವನ್ನು ಕೊನೆಯವರೆಗೂ ಆಡಿದವರು. ನಾಲ್ಕನೆಯ ಹಂತದಲ್ಲಿ ಬಾವಲಿಗಳ ಹಿಂಡು ಬರುತ್ತದೆ, ಆಗ ನಾವು ಒಂದೊಂದನ್ನೇ ಎಣಿಸಿ ಹೊಡೆಯುತ್ತಿದ್ದೆವು, ಈಗ ಎಣಿಸಲು ಹೊತ್ತೇ ಸಿಗುತ್ತಿಲ್ಲ ಎಂದು ಬರೆದಿದ್ದರು. ಒಂದೇ ಆಟ, ಒಂದು ಕಡೆ ನಿಧಾನ, ಇನ್ನೊಂದು ಕಡೆ ಅತಿವೇಗ.

"ಅಕ್ಕಾ, ನಿಜವಾದ ಫೋನಿನಲ್ಲಿ ಇದು ಹೇಗಿತ್ತು ಎಂದು ನಮಗೆ ಗೊತ್ತೇ ಇಲ್ಲವಲ್ಲ" ಎಂದ ಹುಡುಗ. ನಾನು ಸಿಟ್ಟು ಮಾಡಿಕೊಳ್ಳಬಹುದಿತ್ತು, ಏಕೆಂದರೆ ಗೊತ್ತಿರಬೇಕಾದವಳು ನಾನು. ಆದರೆ ಅವನ ಮಾತು ಸರಿಯಾಗಿತ್ತು. ಜಾರಿನ ಹೆಸರಿನಲ್ಲಿ 6600 ಎಂದಿತ್ತು: 2003ರಲ್ಲಿ ಬಂದ, 104 ಮೆಗಾಹರ್ಟ್ಸ್‌ನ ನೋಕಿಯಾ 6600. ನಮ್ಮ ಹಳೆಯ ಕಚೇರಿಯ ಬೀರುವಿನಲ್ಲಿ ಅದು ಮೂರು ಇದ್ದವು, ಈಗ ಎಲ್ಲಿಯೋ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದು ಶನಿವಾರ ಪೂರ್ತಿ ಸುತ್ತಿದೆ. ಒಂದು ಅಂಗಡಿಯಲ್ಲಿ 6600 ಸಿಕ್ಕಿತು, ಹೊರಮೈ ಹೊಸದು, ಒಳಗೆ ಗುಂಡಿಗಳು ಸತ್ತಿದ್ದವು. ಸಂಜೆ ಮಾಟುಂಗಾಕ್ಕೆ ಹೋದೆ. ಅಲ್ಲಿ ನಮ್ಮ ಮಾವನ ಹೋಟೆಲ್ ಇದೆ, ಕುಂದಾಪುರದಿಂದ ಬಂದು ಮೂವತ್ತೈದು ವರ್ಷದಿಂದ ನಡೆಸುತ್ತಿದ್ದಾರೆ. ಕಾಫಿ ಕುಡಿಯುತ್ತ ನನ್ನ ಪಾಡು ಹೇಳಿಕೊಂಡೆ. ಮಾವ ಏನೂ ಮಾತಾಡದೆ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆ ಎಳೆದರು. ಹಳೆಯ ಬಿಲ್ ಪುಸ್ತಕಗಳ ಅಡಿಯಿಂದ ರಬ್ಬರ್ ಬ್ಯಾಂಡ್ ಸುತ್ತಿದ, ಹೊಟ್ಟೆ ಉಬ್ಬಿದ ಆ ಫೋನು ಹೊರಬಂತು. "ಇದರಲ್ಲಿ ಹಾಲಿನವನ ನಂಬರು, ತರಕಾರಿಯವನ ನಂಬರು ಎಲ್ಲ ಇದೆ ಮಾರಾಯ್ತಿ, ಅಳಿಸಬೇಡ" ಎಂದರು. ಬ್ಯಾಟರಿ ಸತ್ತಿತ್ತು. ಅದಕ್ಕೆ ಬೇಕಾದ ಬಿಎಲ್-5ಸಿ ಬ್ಯಾಟರಿ ಸಣ್ಣ ರೇಡಿಯೋಗಳಿಗೂ ಹಾಕುತ್ತಾರಾದ್ದರಿಂದ ಇಂದಿಗೂ ಸಿಗುತ್ತದೆ. ನಿಲ್ದಾಣದ ಬಳಿಯ ಅಂಗಡಿಯಿಂದ ಒಂದು ಕೊಂಡು ಹಾಕಿದೆ. ಎರಡು ಕೈಗಳು ಒಂದನ್ನೊಂದು ಹಿಡಿಯುವ ಆ ಚಿತ್ರ ಪರದೆಯ ಮೇಲೆ ಮೂಡಿದಾಗ ಹೋಟೆಲಿನ ಮಾಣಿ ಕೂಡ ಬಂದು ನಿಂತು ನೋಡಿದ.

ಸೋಮವಾರ ಕಚೇರಿಯ ಹಳೆಯ ಲ್ಯಾಪ್‌ಟಾಪಿನಿಂದ ಬ್ಲೂಟೂತ್ ಮೂಲಕ ಆಟ ಕಳಿಸಿ, ಮಾವನ ಫೋನನ್ನು ಮೇಜಿಗೆ ಅಂಟಿಸಿ, ಮೇಲಿನಿಂದ ಹೊಸ ಫೋನಿನ ಕ್ಯಾಮೆರಾದಲ್ಲಿ ಸೆಕೆಂಡಿಗೆ 240 ಚಿತ್ರದಂತೆ ವಿಡಿಯೊ ತೆಗೆದೆವು. ಆಮೇಲೆ ಕುಳಿತು ಎಣಿಸಿದೆವು. ಆಟದ ಚಿತ್ರ ಒಮ್ಮೆ ಬದಲಾಗಲು ವಿಡಿಯೊದ ಎಷ್ಟು ಚಿತ್ರಗಳು ಕಳೆಯುತ್ತವೆ ಎಂಬ ಎಣಿಕೆ. ಮೊದಲ ಹಂತದಲ್ಲಿ 22, ಅಂದರೆ ಸುಮಾರು 92 ಮಿಲಿಸೆಕೆಂಡು. ಸೆಕೆಂಡಿಗೆ 11 ಎಂಬ ನನ್ನ ಅಂದಾಜು ಅಲ್ಲಿಗೆ ಸರಿಯೇ ಇತ್ತು. ಮೆನುವಿನಲ್ಲಿ ಎಂಟೂವರೆ, ಸುಮಾರು 35 ಮಿಲಿಸೆಕೆಂಡು. ನಾಲ್ಕನೆಯ ಹಂತದಲ್ಲಿ ಬಾವಲಿಗಳು ಪರದೆ ತುಂಬಿದಾಗ 34, ಅಂದರೆ 142 ಮಿಲಿಸೆಕೆಂಡು.

ಆ 34ನ್ನು ಹುಡುಗ ಮೂರು ಸಲ ಎಣಿಸಿದ. ಬಾವಲಿಗಳು ಹೆಚ್ಚಿದಷ್ಟೂ ಫೋನಿಗೆ ಬರೆಯುವ ಕೆಲಸ ಹೆಚ್ಚುತ್ತಿತ್ತು, ಬರೆಯುವ ಕೆಲಸ ಹೆಚ್ಚಿದಷ್ಟೂ ಇಡೀ ಆಟ ನಿಧಾನವಾಗುತ್ತಿತ್ತು, ಆ ನಿಧಾನದಲ್ಲಿ ಆಟಗಾರನಿಗೆ ಉಸಿರಾಡಲು ಹೊತ್ತು ಸಿಗುತ್ತಿತ್ತು. ಹಂತವನ್ನು ರೂಪಿಸಿದವರು ಬಾವಲಿಗಳ ಸಂಖ್ಯೆಯನ್ನು ಈ ಫೋನಿನಲ್ಲಿಯೇ ಆಡಿ ಆಡಿ ನಿಗದಿಪಡಿಸಿದ್ದರು. ನಾವು ಎಲ್ಲೆಡೆ 11 ಎಂದು ಕಟ್ಟಿಹಾಕಿದ್ದರಿಂದ ಅವರು ಆಡಿದ್ದಕ್ಕಿಂತ ಒಂದೂವರೆ ಪಟ್ಟು ವೇಗದಲ್ಲಿ ಬಾವಲಿಗಳನ್ನು ಬಿಟ್ಟಂತಾಗಿತ್ತು. ಇದಕ್ಕೆ ಒಂದು ಪ್ರಸಿದ್ಧ ಹಿರಿಯಣ್ಣ ಇದೆ: 1978ರ ಸ್ಪೇಸ್ ಇನ್ವೇಡರ್ಸ್ ಎಂಬ ಆಟ. ಶತ್ರುಗಳು ಸತ್ತು ಕಡಿಮೆಯಾದಂತೆ ಯಂತ್ರಕ್ಕೆ ಬರೆಯುವುದು ಕಡಿಮೆಯಾಗಿ ಉಳಿದವರು ವೇಗವಾಗಿ ಬರುತ್ತಿದ್ದರು. ಅದನ್ನು ಕಟ್ಟಿದ ತೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸದೆ ಆಟದ ಭಾಗವಾಗಿಯೇ ಉಳಿಸಿಕೊಂಡರು. ಈ ಸಂಗತಿಯನ್ನು ನಾನು ಎಷ್ಟೋ ಸಲ ಕಿರಿಯರಿಗೆ ಹೇಳಿದ್ದೇನೆ. ಆದರೂ ನನ್ನ ಮೇಜಿನ ಮೇಲೆ ಅದೇ ಬಂದು ಕುಳಿತಾಗ ಗುರುತು ಹಿಡಿಯಲಿಲ್ಲ.

ಮದ್ದು ಸರಳವಾಗಿತ್ತು. ಸೆಕೆಂಡಿಗೆ ಇಷ್ಟು ಎಂಬ ಮಿತಿಯನ್ನು ಕಿತ್ತುಹಾಕಿ, ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಫೋನಿನಂತೆ ನಟಿಸುವ ಆ ತಂತ್ರಾಂಶದಲ್ಲಿ, ಚಿತ್ರ ಬರೆಯುವ ಪ್ರತಿ ಕೆಲಸಕ್ಕೂ ಸಮಯದ ಲೆಕ್ಕದಲ್ಲಿ ಒಂದು ಬೆಲೆ ಕಟ್ಟಿದೆವು. ಒಂದು ಚಿತ್ರ ಬರೆ ಎಂದು ಆಟ ಕೇಳಿದರೆ ಇಷ್ಟು, ಅದರ ಒಂದೊಂದು ಚುಕ್ಕೆಗೆ ಇಷ್ಟು. ಒಂದು ಸುತ್ತಿನಲ್ಲಿ ಆದ ಖರ್ಚನ್ನೆಲ್ಲ ಕೂಡಿಸಿ, ಅಷ್ಟು ಹೊತ್ತು ಆಟವನ್ನು ನಿಲ್ಲಿಸುವುದು. ಬೆಲೆಗಳನ್ನು ಹಿಡಿಯಲು ಮಾತ್ರ ಮೂರು ವಾರ ಬೇಕಾಯಿತು. ಎರಡು ಬಾವಲಿ ಇರುವ ದೃಶ್ಯ, ಆರು ಇರುವ ದೃಶ್ಯ, ಹಿನ್ನೆಲೆ ಮಾತ್ರ ಇರುವ ದೃಶ್ಯ ಎಂದು ಹುಡುಕಿ ಹುಡುಕಿ ಎಣಿಸಿದೆವು. ಕೊನೆಗೆ ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟು ಆಡಿಸಿದಾಗ ವಿಡಿಯೊದಲ್ಲಿ ಒಂದೆರಡು ಚಿತ್ರಗಳಷ್ಟೇ ವ್ಯತ್ಯಾಸ ಉಳಿಯಿತು. ಮೆನು ಚುರುಕಾಯಿತು, ಬಾವಲಿಗಳು ತೂಕಡಿಸಿದವು.

ಒಂದು ವಿಷಯದಲ್ಲಿ ನಾನೂ ಹುಡುಗನೂ ಜಗಳವಾಡಿದೆವು. ಹಳೆಯ ಫೋನಿನಲ್ಲಿ ಆಗಾಗ ಆಟ ಅರ್ಧ ಸೆಕೆಂಡು ಸ್ತಬ್ಧವಾಗುತ್ತದೆ, ಫೋನಿನ ಮೆಮೊರಿಯಲ್ಲಿ ಬೇಡವಾದದ್ದನ್ನು ಜಾವಾ ಗುಡಿಸಿಹಾಕುವ ಹೊತ್ತು ಅದು. ಅದನ್ನೂ ಹಾಗೆಯೇ ತರೋಣ, ಇಲ್ಲದಿದ್ದರೆ ಪೂರ್ತಿ ಹಳೆಯದಾಗುವುದಿಲ್ಲ ಎಂದು ಅವನ ವಾದ. ನಾನು ಬೇಡವೆಂದೆ. ಬಾವಲಿಗಳ ನಿಧಾನ ಪ್ರತಿ ಸಲವೂ ಅದೇ ಜಾಗದಲ್ಲಿ ಬರುತ್ತದೆ, ಆಟ ರೂಪಿಸಿದವರು ಅದರ ಮೇಲೆ ಭಾರ ಹಾಕಿದ್ದಾರೆ. ಗುಡಿಸುವ ಹೊತ್ತು ಯಾವಾಗ ಬರುತ್ತದೋ ಆಟಗಾರನಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿರಲಿಲ್ಲ. ಅದರ ಮೇಲೆ ಯಾರೂ ಏನನ್ನೂ ಕಟ್ಟಿಲ್ಲ. ಅವನು ಇನ್ನೂ ಒಪ್ಪಿಲ್ಲ.

ಅಂದಿನಿಂದ ನಮ್ಮ ಕ್ರಮ ಬದಲಾಗಿದೆ. ಜಾರಿನ ಹೆಸರಿನಲ್ಲಿರುವ ಫೋನು ಕೈಗೆ ಬರುವ ತನಕ ಆ ಆಟಕ್ಕೆ ನಾನು ಸಹಿ ಹಾಕುವುದಿಲ್ಲ. ಪರೀಕ್ಷೆಯನ್ನು ಮೊದಲ ಹಂತದಿಂದ ಶುರುಮಾಡುವುದಿಲ್ಲ, ಪರದೆಯ ಮೇಲೆ ಅತಿ ಹೆಚ್ಚು ಗದ್ದಲವಿರುವ ಹಂತ ಮೊದಲು, ಏನೂ ಇಲ್ಲದ ಮೆನು ಆಮೇಲೆ. ಗಡುವು ತಪ್ಪುತ್ತದೆ ಎಂದು ಮೇಲಿನವರು ಗೊಣಗಿದರು. ಎರಡು ವಿಡಿಯೊಗಳನ್ನು ಅಕ್ಕಪಕ್ಕ ಹಾಕಿ ತೋರಿಸಿದೆ, ಸುಮ್ಮನಾದರು. ದೂರು ಬರೆದಿದ್ದವರಿಗೂ ಹೊಸ ಕಡತ ಕಳಿಸಿದೆವು. ಎರಡು ದಿನದ ಮೇಲೆ ಆಟ ಮುಗಿದ ಪರದೆಯ ಚಿತ್ರವೊಂದು ಬಂತು, ಜೊತೆಗೆ ಒಂದಕ್ಷರವೂ ಇರಲಿಲ್ಲ. ಹುಡುಗ ಅದನ್ನು ಅಚ್ಚು ಹಾಕಿಸಿ ತನ್ನ ಮೇಜಿನ ಗೋಡೆಗೆ ಅಂಟಿಸಿದ್ದಾನೆ.

ಮಾವನ ಫೋನು ಈಗಲೂ ನನ್ನ ಖಾನೆಯಲ್ಲಿದೆ. ಬ್ಯಾಟರಿ ಸಾಯದಿರಲೆಂದು ತಿಂಗಳ ಮೊದಲ ದಿನ ಚಾರ್ಜಿಗೆ ಹಾಕುತ್ತೇನೆ. ಹಾಲಿನವನ ನಂಬರನ್ನು ಅಳಿಸಿಲ್ಲ. ಇಪ್ಪತ್ತನಾಲ್ಕರಲ್ಲಿ ಹದಿಮೂರು ಆಟಗಳು ಮುಗಿದಿವೆ. ಉಳಿದವುಗಳಲ್ಲಿ ಐದು ಮೋಟೊರೋಲಾಕ್ಕೆ ಕಟ್ಟಿದವು, ಅದಕ್ಕಾಗಿ ಮುಂದಿನ ಶನಿವಾರ ಮತ್ತೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗುತ್ತಿದ್ದೇವೆ.