ಜಾಡಿಯ ಮುಚ್ಚಳ

ನಾವು ಐದು ಜನ ಹೆಂಗಸರು. ತಿಂಗಳಿಗೊಂದು ಪುಸ್ತಕ ಓದಿ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಅರ್ಧ ಗಂಟೆ ಪುಸ್ತಕ, ಎರಡು ಗಂಟೆ ಹರಟೆ. ಕಳೆದ ತಿಂಗಳು ಮಾತ್ರ ಲೆಕ್ಕ ತಲೆಕೆಳಗಾಯಿತು. ಮೈಸೂರಿನ ಗೆಳತಿಯ ಮನೆಯಲ್ಲಿ ನಾಲ್ಕು ಗಂಟೆಗೆ ಕೂತವರು ಏಳುವಾಗ ರಾತ್ರಿ ಎಂಟು. ಅಷ್ಟು ಜಗಳ ಹಚ್ಚಿದ್ದು 1938ರಲ್ಲಿ ಬಂದ, ಇಂಗ್ಲಿಷ್ ಲೇಖಕಿ ಡಾಫ್ನೆ ಡು ಮಾರಿಯೆಯ ಕಾದಂಬರಿ ‘ರೆಬೆಕ್ಕಾ’.

ಪುಸ್ತಕ ಆರಿಸಿದ್ದು ನಾನೇ. ಪಿಯುಸಿ ರಜೆಯಲ್ಲಿ ಓದಿದ್ದೆ. ಆಗ ನನಗೆ ಅದು ಬರೀ ಪ್ರೇಮಕಥೆ. ಮಾಂಟೆ ಕಾರ್ಲೋದ ಹೋಟೆಲಿನಲ್ಲಿ ಒಬ್ಬ ಬಾಯಿಬಡುಕಿ ಶ್ರೀಮಂತಳ ಜೊತೆ ಸಂಬಳಕ್ಕಿರುವ ಬಡ ಹುಡುಗಿ. ಹೆಂಡತಿ ಸತ್ತ ಮ್ಯಾಕ್ಸಿಮ್ ಡಿ ವಿಂಟರ್ ಅವಳನ್ನು ಮದುವೆಯಾಗಿ ಮ್ಯಾಂಡರ್ಲಿ ಎಂಬ ಬಂಗಲೆಗೆ ಕರೆತರುತ್ತಾನೆ. ಅಲ್ಲಿ ನೋಡಿದರೆ ಮೂಲೆಮೂಲೆಯಲ್ಲೂ ಸತ್ತ ರೆಬೆಕ್ಕಾ. ಅವಳ ಕೈಬರಹ, ಅವಳ ಮಳೆಕೋಟು, ಅವಳು ಹಾಕಿಕೊಟ್ಟ ಪದ್ಧತಿ. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಅಂತೂ ಅವಳ ಕೋಣೆಯನ್ನು ದೇವರ ಮನೆ ಹಾಗೆ ಇಟ್ಟಿದ್ದಾಳೆ. ಕಥೆ ಹೇಳುವ ಈ ಹೊಸ ಹೆಂಡತಿಯ ಹೆಸರು ಏನೂಂತ ಕೊನೆಯವರೆಗೂ ನಮಗೆ ಗೊತ್ತಾಗುವುದಿಲ್ಲ.

ಓದದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಗುಟ್ಟು ರಟ್ಟಾಗುತ್ತದೆ.

ನಮ್ಮಲ್ಲಿ ಒಬ್ಬರು ವಕೀಲರು. ಕಾಫಿ ಬರುವ ಮೊದಲೇ ಶುರು ಮಾಡಿದರು. “ಇದು ಕೊಲೆ ಕಣ್ರೀ. ರೆಬೆಕ್ಕಾಗೆ ಗುಂಡು ಹೊಡೆದು, ಹೆಣವನ್ನು ದೋಣಿಗೆ ಹಾಕಿ, ತಳಕ್ಕೆ ತೂತು ಕೊರೆದು ಮುಳುಗಿಸಿದ್ದಾನೆ. ಸಾಲದ್ದಕ್ಕೆ, ಸಿಕ್ಕಿದ ಇನ್ಯಾರದೋ ಹೆಣವನ್ನು ನನ್ನ ಹೆಂಡತಿಯದೇ ಅಂತ ಗುರುತು ಹೇಳಿದ್ದಾನೆ. ನೀವು ನೋಡಿದ್ರೆ ಪಾಪ ಮ್ಯಾಕ್ಸಿಮ್ ಅಂತೀರಿ!”

“ಅವನು ಕೊಂದೇ ಇಲ್ವಲ್ಲ ಮೇಡಂ. ಅವಳೇ ಬಿದ್ದು ತಲೆಗೆ ಪೆಟ್ಟಾಗಿ ಸತ್ತಳಲ್ವಾ?” ಎಂದಳು ಇನ್ನೊಬ್ಬಳು. ಎಲ್ಲರೂ ಅವಳ ಮುಖ ನೋಡಿದೆವು. ಕಳ್ಳಿ ಪುಸ್ತಕ ಓದಿರಲೇ ಇಲ್ಲ, ಇದೇ ಕಥೆಯನ್ನು ಹಿಚ್‌ಕಾಕ್ ನಿರ್ದೇಶಿಸಿದ 1940ರ ಸಿನಿಮಾ ನೋಡಿ ಬಂದಿದ್ದಳು! ಆ ಕಾಲದ ಹಾಲಿವುಡ್ ನಿಯಮದ ಪ್ರಕಾರ ಹೆಂಡತಿಯನ್ನು ಕೊಂದವನು ತೆರೆಯ ಮೇಲೆ ಶಿಕ್ಷೆಯಿಲ್ಲದೆ ಪಾರಾಗುವ ಹಾಗಿರಲಿಲ್ಲ. ಅದಕ್ಕೇ ಕೊಲೆಯನ್ನು ಅಪಘಾತ ಮಾಡಿದರು. ಆ ಸಿನಿಮಾಕ್ಕೆ ಆಸ್ಕರ್ ಕೂಡ ಬಂತು. ಕಾದಂಬರಿಯಲ್ಲಿ ಅಂಥ ಮುಲಾಜಿಲ್ಲ.

“ಆದ್ರೂ ರೆಬೆಕ್ಕಾ ಕೆಣಕಿದಳಲ್ಲ. ಬೇರೆಯವನ ಮಗು ಹೊಟ್ಟೆಯಲ್ಲಿದೆ ಅಂದಳು,” ಎಂದಳು ಮನೆಯ ಗೆಳತಿ.

“ಹಾಗಂದಳು ಅಂತ ಹೇಳಿದ್ದು ಯಾರು? ಕೊಂದವನು. ಸತ್ತವಳು ಬಂದು ಸಾಕ್ಷಿ ಹೇಳ್ತಾಳಾ?” ಎಂದರು ವಕೀಲರು.

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನಗೆ ಈ ಸಲ ಚುಚ್ಚಿದ್ದು ಮ್ಯಾಕ್ಸಿಮ್ ಅಲ್ಲ, ಆ ಹೊಸ ಹೆಂಡತಿ. ಗಂಡ ಕೊಲೆ ಒಪ್ಪಿಕೊಂಡಾಗ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: ಅವನಿಗೆ ರೆಬೆಕ್ಕಾ ಮೇಲೆ ಪ್ರೀತಿ ಇರಲಿಲ್ಲ! ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಹಗುರಾಗುತ್ತಾಳೆ. ಹದಿನೇಳರಲ್ಲಿ ನಾನೂ ಅವಳ ಜೊತೆ ಹಗುರಾಗಿದ್ದೆ. ನಲವತ್ತು ದಾಟಿದ ಮೇಲೆ ಓದಿದರೆ ಮೈ ಜುಂ ಅಂತು.

ಈ ಹೊಟ್ಟೆಕಿಚ್ಚು ಡಾಫ್ನೆಗೆ ಸುಮ್ನೆ ಹೊಳೆದದ್ದಲ್ಲ. ಗಂಡ ಸೈನ್ಯದ ಅಧಿಕಾರಿ. ಅವನಿಗೆ ಮೊದಲು ಬೇರೆ ಹುಡುಗಿಯ ಜೊತೆ ನಿಶ್ಚಯವಾಗಿ ಮುರಿದಿತ್ತು. ಆ ಹುಡುಗಿಯ ನೆನಪು ಡಾಫ್ನೆಯನ್ನು ಕಾಡುತ್ತಿತ್ತು. ಗಂಡನ ಕೆಲಸದಿಂದಾಗಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಸೆಕೆಯಲ್ಲಿದ್ದಾಗ, ಇಂಗ್ಲೆಂಡಿನ ತನ್ನ ಕಾರ್ನ್‌ವಾಲ್ ಕಡಲತೀರಕ್ಕಾಗಿ ಹಂಬಲಿಸುತ್ತ ಬರೆಯತೊಡಗಿದಳು. ಮ್ಯಾಂಡರ್ಲಿಗೆ ಮಾದರಿ ಅಲ್ಲಿನ ಮೆನಬಿಲಿ ಎಂಬ ಮನೆ. ಆಮೇಲೆ 1943ರಿಂದ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಅದೇ ಮನೆಯಲ್ಲಿದ್ದಳು. ಅದೂ ಬಾಡಿಗೆಗೆ.

“ಅದೆಲ್ಲ ಇರಲಿ, ಆ ಗೊಂಬೆ ಒಡೆಯೋ ಜಾಗ ಓದೇ,” ಎಂದರು ಆಂಟಿ. ನಮ್ಮ ಗುಂಪಿಗೆ ಹಿರಿಯರು ಅವರು, ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ.

ಮ್ಯಾಂಡರ್ಲಿಯಲ್ಲಿ ಹೊಸ ಹೆಂಡತಿಯ ಕೈತಪ್ಪಿ ಒಂದು ಪಿಂಗಾಣಿ ಗೊಂಬೆ ಬಿದ್ದು ಒಡೆಯುತ್ತದೆ. ತನ್ನದೇ ಮನೆ, ತಾನೇ ಯಜಮಾನಿ. ಆದರೂ ಚೂರುಗಳನ್ನು ಡ್ರಾಯರಿನೊಳಗೆ ಹಿಂಬದಿಯಲ್ಲಿ ಬಚ್ಚಿಡುತ್ತಾಳೆ. ಕೊನೆಗೆ ಅಪವಾದ ಕೆಲಸದ ಹುಡುಗನ ಮೇಲೆ ಬರುತ್ತದೆ. ನಾನು ಗಟ್ಟಿಯಾಗಿ ಓದುತ್ತಿದ್ದೆ. ಮಧ್ಯದಲ್ಲಿ ಸ್ವರ ಹೊರಡಲಿಲ್ಲ.

“ಯಾಕೇ?”

ಹೇಳಿಬಿಟ್ಟೆ. ಮದುವೆಯಾಗಿ ಮೂರನೇ ವಾರ. ಅತ್ತೆಯ ಅಟ್ಟದಲ್ಲಿ ಅವರ ಅತ್ತೆಯ ಕಾಲದ ಉಪ್ಪಿನಕಾಯಿ ಜಾಡಿ. ಬಿಳಿ ಮೈ, ಕಂದು ಕತ್ತು. ಇಳಿಸುವಾಗ ಮುಚ್ಚಳ ಜಾರಿ ಮೂರು ಚೂರಾಯಿತು. ಹಳೇ ಪೇಪರಿನಲ್ಲಿ ಸುತ್ತಿ ನನ್ನ ಸೂಟ್‌ಕೇಸಿನಲ್ಲಿ ಧಾರೆ ಸೀರೆಯ ಕೆಳಗೆ ಇಟ್ಟೆ. ಸಂಜೆ ಅತ್ತೆ ಕೆಲಸದವಳನ್ನು ಕೇಳಿದರು. “ನಾನಲ್ಲಮ್ಮ, ನಾನ್ ಮುಟ್ಟೇ ಇಲ್ಲ,” ಅಂದಳು. ನಾನು ಒಲೆ ಮುಂದೆ ನಿಂತು ಸಾರು ತಿರುವುತ್ತಲೇ ಇದ್ದೆ. ಆಮೇಲೆ ಅತ್ತೆ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದರು. ಅವರು ಹೋಗಿ ಆರು ವರ್ಷ ಆಯಿತು. ಜಾಡಿ ಇವತ್ತಿಗೂ ಬಟ್ಟೆ ಕಟ್ಟಿಕೊಂಡೇ ಇದೆ.

ವಕೀಲರು ಕೂಡ ಸುಮ್ಮನಿದ್ದರು. ಆಂಟಿ ಚಕ್ಕುಲಿ ಮುರಿಯುತ್ತ ಕೇಳಿದರು, “ಆ ಕೆಲಸದವಳು ಏನಾದಳು?”

“ಎರಡು ತಿಂಗಳಿಗೆ ಬಿಟ್ಟಳು ಆಂಟಿ. ಮಗಳ ಬಾಣಂತನ ಅಂದಿದ್ದಳು.”

“ಮಗಳಿದ್ದಳಾ ಅವಳಿಗೆ?”

ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.